ಡಬ್ಬಿಯ ಮೇಲಿನ ಹೆಸರು

ಅನ್ಯರ ಮುಖಕ್ಕೆ ಬಣ್ಣ ಹಚ್ಚುವ ಕಸುಬಿನಿಂದ ಹೊರಟು ಪ್ರಸಾಧನ ವಸ್ತುಗಳ ದೊಡ್ಡ ವ್ಯಾಪಾರದಲ್ಲಿ ನೆಲೆನಿಂತವರ ಜೀವನವೃತ್ತಾಂತಗಳು ಈಚಿನ ವರ್ಷಗಳಲ್ಲಿ ಒಂದು ಪ್ರತ್ಯೇಕ ಸಾಹಿತ್ಯಪ್ರಕಾರವೇ ಆಗಿ ಬೆಳೆದಿವೆ. ಇವುಗಳ ಕಥಾಶರೀರ ಹೆಚ್ಚು ಕಡಿಮೆ ಒಂದೇ. ಸಾಧಾರಣ ಮನೆತನದ ಒಬ್ಬ ವ್ಯಕ್ತಿ ಪ್ರಸಾಧನ ಕಲಿಯುವುದು, ಪೇಟೆಯಲ್ಲಿ ದೊರೆಯುವ ಬಣ್ಣ ಮನಸ್ಸಿಗೆ ಬಾರದೆ ತಾನೇ ಒಂದನ್ನು ಕಲಸುವುದು, ಅದನ್ನು ಕಂಡವರು ತಮಗೂ ಬೇಕೆನ್ನುವುದು, ಕೊನೆಗೆ ಆ ವ್ಯಕ್ತಿಯ ಹೆಸರು ಡಬ್ಬಿಯ ಮೇಲೆ ಅಚ್ಚಾಗುವುದು. ಹೆಸರು ಅಚ್ಚಾದಲ್ಲಿಗೆ ಕಥೆ ಮುಗಿಯುತ್ತದೆ. ವಿಮರ್ಶೆಗೆ ತಕ್ಕ ವಿಷಯ ಪ್ರಾರಂಭವಾಗುವುದು ಅಲ್ಲಿಂದಲೇ.

ಈ ವೃತ್ತಾಂತಗಳನ್ನು ದೂರದ ಊರಿನ ವಿನೋದವೆಂದು ತಳ್ಳಿಹಾಕುವಂತಿಲ್ಲ. ಬಳ್ಳಾರಿ–ಸಿರುಗುಪ್ಪ ರಸ್ತೆಯ ತೆಕ್ಕಲಕೋಟೆಯಂತಹ ಊರಿನಲ್ಲಿಯೂ ಮದುಮಗಳನ್ನು ಸಿಂಗರಿಸುವುದು ಈಗ ಹಣ ಕೊಟ್ಟು ಮಾಡಿಸಿಕೊಳ್ಳುವ ಕೆಲಸ. ಹಿಂದೆ ಮನೆಯ ಹಿರಿಯ ಹೆಂಗಸರು ಅರಿಸಿನ ಹಚ್ಚಿ, ಕಾಡಿಗೆ ತೀಡಿ, ದಂಡೆ ಕಟ್ಟಿ ಮುಗಿಸುತ್ತಿದ್ದುದನ್ನು ಇಂದು ಬ್ಯೂಟಿ ಪಾರ್ಲರಿನ ತರುಣಿ ಪೆಟ್ಟಿಗೆ ಹಿಡಿದು ಬಂದು ಮಾಡಿಕೊಡುತ್ತಾಳೆ. (ಅಲಂಕಾರದ ಆಸೆ ಹೊಸದೇನಲ್ಲ. ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963–64ರ ಸುಮಾರಿಗೆ ಎಂ. ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ಕಲ್ಲಿನ ಕೊಡಲಿಗಳ ಜೊತೆಗೆ ಚಿನ್ನದ ಆಭರಣವೂ ದೊರೆತಿದೆ.) ಇಂತಹ ತರುಣಿಗೆ ತನ್ನ ಹೆಸರಿನ ಡಬ್ಬಿಯೊಂದು ಪೇಟೆಗೆ ಬರಲೆಂಬ ಬಯಕೆ ಹುಟ್ಟಿದರೆ ಅದರಲ್ಲಿ ತಪ್ಪಿಲ್ಲ. ಆದರೆ ಅವಳ ಮುಂದೆ ಆದರ್ಶವೆಂದು ಇಡಲಾಗುತ್ತಿರುವ ಕಥೆಗಳು ಏನನ್ನು ಹೇಳುತ್ತವೆ, ಏನನ್ನು ಬಚ್ಚಿಡುತ್ತವೆ ಎಂಬುದನ್ನು ಪರೀಕ್ಷಿಸಿ ನೋಡುವುದು ಹಿರಿಯರ ಕರ್ತವ್ಯ.

ಈ ಬಗೆಯ ಕಥೆಗಳಿಗೆಲ್ಲ ಮೂಲಮಾದರಿ ಮ್ಯಾಕ್ಸ್ ಫ್ಯಾಕ್ಟರ್‌ನ ಚರಿತ್ರೆ. ಆಗ ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ ಪೋಲೆಂಡಿನಲ್ಲಿ 1877ರಲ್ಲಿ ಜನಿಸಿದ ಈತನ ನಿಜನಾಮ ಮ್ಯಾಕ್ಸಿಮಿಲಿಯನ್ ಫ್ಯಾಕ್ಟರೋವಿಚ್. ಬಡ ಯೆಹೂದಿ ಮನೆಯ ಹುಡುಗ. ಬಾಲ್ಯದಲ್ಲಿಯೇ ಕೃತಕ ಕೇಶ ಕಟ್ಟುವವರ ಕೈಕೆಳಗೆ ಸೇರಿ ಕೆಲಸ ಕಲಿತು, ರಷ್ಯಾದ ರಾಜಾಶ್ರಯದ ನಾಟ್ಯಶಾಲೆಯ ಕಲಾವಿದರಿಗೆ ಪ್ರಸಾಧನ ಮಾಡಿದ. 1904ರಲ್ಲಿ ಹೆಂಡತಿ ಮಕ್ಕಳೊಡನೆ ಅಮೆರಿಕಕ್ಕೆ ವಲಸೆಹೋಗಿ ಸೇಂಟ್ ಲೂಯಿಸ್ ನಗರದ ವಿಶ್ವಪ್ರದರ್ಶನದಲ್ಲಿ ಅಂಗಡಿ ಹಾಕಿದ. 1908ರಲ್ಲಿ ಲಾಸ್ ಏಂಜಲೀಸ್ ಸೇರಿ ಮರುವರ್ಷ ತನ್ನ ಹೆಸರಿನ ಕಂಪನಿಯನ್ನು ಸ್ಥಾಪಿಸಿದ. ಚಲನಚಿತ್ರವೆಂಬ ಉದ್ಯಮ ಅದೇ ಊರಿನಲ್ಲಿ ಕಣ್ಣು ತೆರೆಯುತ್ತಿದ್ದ ಕಾಲವದು.

ಆ ಕಾಲದ ಚಿತ್ರಸುರುಳಿಗೆ ಒಂದು ಕುರುಡುತನವಿತ್ತು. ಅದು ನೀಲಿಗೆ ಹೆಚ್ಚಾಗಿ ಸ್ಪಂದಿಸುತ್ತಿತ್ತು, ಕೆಂಪನ್ನು ಗ್ರಹಿಸುತ್ತಲೇ ಇರಲಿಲ್ಲ. ರಕ್ತದ ಕಾಂತಿಯುಳ್ಳ ಜೀವಂತ ಕೆನ್ನೆ ತೆರೆಯ ಮೇಲೆ ಕಪ್ಪಾಗಿ, ತುಟಿ ಮಸಿ ಬಳಿದಂತಾಗಿ ಕಾಣುತ್ತಿತ್ತು. ಇದನ್ನು ಮರೆಮಾಡಲು ನಟರು ರಂಗಭೂಮಿಯ ದಪ್ಪ ಜಿಡ್ಡುಬಣ್ಣವನ್ನು ಬಳಿದುಕೊಂಡರೆ ಅದು ಒಣಗಿ ಬಿರುಕುಬಿಡುತ್ತಿತ್ತು. ನಾಟಕದಲ್ಲಿ ಹತ್ತನೆಯ ಸಾಲಿನ ಪ್ರೇಕ್ಷಕನಿಗೆ ಕಾಣದ ಬಿರುಕು ಕ್ಯಾಮೆರಾ ಹತ್ತಿರ ಬಂದಾಗ ಎದ್ದು ಕಾಣುತ್ತಿತ್ತು. ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲಿ ತೆಳ್ಳಗೆ ಹರಡುವ, ಮುಖದ ಚಲನೆಯೊಡನೆ ತಾನೂ ಬಾಗುವ ಕ್ರೀಮಿನಂತಹ ಬಣ್ಣವನ್ನು ಹನ್ನೆರಡು ಛಾಯೆಗಳಲ್ಲಿ ಸಿದ್ಧಪಡಿಸಿದ. ಮುಂದೆ ಎಲ್ಲ ವರ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೋಮ್ಯಾಟಿಕ್ ಸುರುಳಿಯೂ ಹೊಸ ವಿದ್ಯುದ್ದೀಪಗಳೂ ಬಂದಾಗ, 1928ರಲ್ಲಿ, ಅದಕ್ಕೆ ತಕ್ಕ ಬೇರೊಂದು ಬಣ್ಣವನ್ನು ತಂದ.

ಇದುವರೆಗಿನದು ನಿಷ್ಕಳಂಕವಾದ ಕೈಕಸುಬು. ಇಲ್ಲಿ ದೋಷವಿದ್ದುದು ಸುರುಳಿಯಲ್ಲಿ, ಮುಖದಲ್ಲಿ ದೋಷವಿರಲಿಲ್ಲ. ಯಂತ್ರದ ಕುಂದನ್ನು ಕೈಚಳಕದಿಂದ ಸರಿದೂಗಿಸಿದ ಈ ಮನುಷ್ಯನ ಬಗ್ಗೆ ಗೌರವ ಮೂಡದಿರದು.

ಆದರೆ ಸ್ಟುಡಿಯೋಗಳಲ್ಲಿ ಇರುವ ನಟನಟಿಯರು ಎಷ್ಟು ಮಂದಿ? ಗಿರಾಕಿ ಹೆಚ್ಚಬೇಕಾದರೆ ಕ್ಯಾಮೆರಾದ ಮುಂದೆ ಎಂದೂ ನಿಲ್ಲದ ಗೃಹಿಣಿಯರೂ ಈ ಡಬ್ಬಿಯನ್ನು ಕೊಳ್ಳಬೇಕು. ಅವರ ಮುಂದೆ ಸುರುಳಿಯ ಕುರುಡುತನವನ್ನು ಹೇಳಿ ಪ್ರಯೋಜನವಿಲ್ಲ. ಹಾಗಾಗಿ ದೋಷವನ್ನು ಯಂತ್ರದಿಂದ ತೆಗೆದು ಮುಖದ ಮೇಲೆ ಇರಿಸಲಾಯಿತು. ಯಾವ ಜೀವನಚರಿತ್ರೆಯಲ್ಲಿಯೂ ಈ ವರ್ಗಾವಣೆಗೆ ಒಂದು ಅಧ್ಯಾಯವಿಲ್ಲ. 1930ರ ದಶಕದ ಆರಂಭದಲ್ಲಿ ಈತ ‘ಬ್ಯೂಟಿ ಮೈಕ್ರೋಮೀಟರ್’ ಎಂಬ ಉಪಕರಣವನ್ನು ಪ್ರದರ್ಶಿಸಿದ. ಹೆಣ್ಣಿನ ತಲೆಗೆ ಲೋಹದ ಪಟ್ಟಿಗಳ ಪಂಜರವನ್ನು ತೊಡಿಸಿ, ತಿರುಪುಗಳನ್ನು ಬಿಗಿದು, ಆದರ್ಶವೆಂದು ತಾವೇ ಗೊತ್ತುಮಾಡಿದ ಅಳತೆಗಿಂತ ಅವಳ ಮೂಗು, ಹುಬ್ಬು, ಗಲ್ಲಗಳು ಎಷ್ಟು ವ್ಯತ್ಯಾಸವಾಗಿವೆ ಎಂದು ತಿಳಿಸುವ ಸಾಧನವದು. ವ್ಯಾಪಾರ ಬಲ್ಲವರಿಗೆ ಇದರ ಒಳಗುಟ್ಟು ಥಟ್ಟನೆ ಹೊಳೆಯುತ್ತದೆ: ತೂಕ ಮಾಡುವವನೂ ಅವನೇ, ಕಲ್ಲು ತಯಾರಿಸಿದವನೂ ಅವನೇ, ಕೊರತೆ ಬಿದ್ದುದನ್ನು ತುಂಬಿಕೊಡುವ ಸರಕು ಮಾರುವವನೂ ಅವನೇ. 1935ರಲ್ಲಿ ಹಾಲಿವುಡ್ಡಿನಲ್ಲಿ ತೆರೆದ ಭವ್ಯ ಪ್ರಸಾಧನ ಮಂದಿರದಲ್ಲಿ ಕೂದಲಿನ ಬಣ್ಣವನ್ನು ಅನುಸರಿಸಿ ನಾಲ್ಕು ಕೊಠಡಿಗಳಿದ್ದವು. ಹೊಂಬಣ್ಣದ ಕೂದಲಿನವರಿಗೆ ನೀಲಿ ಗೋಡೆ, ಕೆಂಗೂದಲಿನವರಿಗೆ ಹಸಿರು, ಹೀಗೆ. ಆ ನಾಲ್ಕು ಕೊಠಡಿಗಳ ಎಣಿಕೆ ನಡೆದುದು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಪ್ಪು ವರ್ಣದ ಗಾಯಕಿ ಲೀನಾ ಹಾರ್ನ್ 1940ರ ದಶಕದಲ್ಲಿ ಎಂ.ಜಿ.ಎಂ. ಸಂಸ್ಥೆಗೆ ಬಂದಾಗ ಅವಳ ಮೈಬಣ್ಣಕ್ಕೆ ಒಪ್ಪುವ ಛಾಯೆ ಇರಲಿಲ್ಲ. ಅವಳಿಗೆಂದೇ ‘ಲೈಟ್ ಈಜಿಪ್ಶಿಯನ್’ ಎಂಬ ಒಂದನ್ನು ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಸಿದ್ಧಪಡಿಸಿತೆಂದೂ, ಬಳಿಕ ಆ ಬಣ್ಣವನ್ನು ಬಿಳಿಯ ನಟಿಯರಿಗೆ ಹಚ್ಚಿ ತನಗೆ ಸಲ್ಲಬೇಕಾಗಿದ್ದ ಪಾತ್ರಗಳನ್ನು ಅವರಿಗೆ ಕೊಡಲಾಯಿತೆಂದೂ ಆಕೆ ಹೇಳಿಕೊಂಡಿದ್ದುಂಟು. ಬಣ್ಣ ಅವಳದು, ಪಾತ್ರ ಇನ್ನೊಬ್ಬಳದು! ಭಾರತದಲ್ಲಿ ಈ ದೋಷಾರೋಪಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1975ರಲ್ಲಿ ಹಿಂದೂಸ್ತಾನ್ ಲಿವರ್ ಹೊರತಂದ ‘ಫೇರ್ ಅಂಡ್ ಲವ್ಲಿ’ ಎಂಬ ಕ್ರೀಮು ಮೈಬಣ್ಣವನ್ನೇ ಒಂದು ಕೊರತೆಯೆಂದು ಎಣಿಸಿ ದಶಕಗಳ ಕಾಲ ಜಾಹೀರಾತು ನೀಡಿತು. 2020ರಲ್ಲಿ ಲೋಕದ ಟೀಕೆಗೆ ಮಣಿದು ಹೆಸರಿನ ಮೊದಲ ಪದವನ್ನು ಬದಲಿಸಿ ‘ಗ್ಲೋ ಅಂಡ್ ಲವ್ಲಿ’ ಎಂದಾಯಿತು. ಸಿರುಗುಪ್ಪದ ಬಿಸಿಲಿನಲ್ಲಿ ಭತ್ತದ ನಾಟಿ ಮಾಡುವ ಹೆಣ್ಣುಮಗಳ ಮೈಬಣ್ಣ ಯಾವ ಅಪರಾಧಕ್ಕಾಗಿ ಈ ನ್ಯಾಯಾಲಯದ ಮುಂದೆ ನಿಂತಿತ್ತೋ ತಿಳಿಯದು.

ಹೀಗೆ ಮೊದಲನೆಯ ವರ್ಗಾವಣೆ ದೋಷದ್ದು. ಎರಡನೆಯದು ಕೀರ್ತಿಯದು. ಅದನ್ನು ಕಾಣಲು ಹಾಲಿವುಡ್ಡಿನಿಂದ ಮದರಾಸಿಗೆ ಬರಬೇಕು.

ಟೆಕ್ನಿಕಲರ್ ಎಂಬ ವರ್ಣಚಿತ್ರಕ್ರಮ ಬಂದಾಗ ಹಳೆಯ ಜಿಡ್ಡುಬಣ್ಣಗಳ ಹೊಳಪು ತೊಡಕಾಯಿತು. ಆಗ ಒದ್ದೆ ಸ್ಪಂಜಿನಿಂದ ತೆಗೆದು ಹಚ್ಚುವ, ಒತ್ತಿ ಗಟ್ಟಿಮಾಡಿದ ಬಿಲ್ಲೆಯಂತಹ ‘ಪ್ಯಾನ್‌ಕೇಕ್’ ಸಿದ್ಧವಾಯಿತು. ಅದು ಸಾಮಾನ್ಯ ಜನರ ಪೇಟೆಗೆ ಬರುತ್ತಿದ್ದಂತೆಯೇ, 1938ರಲ್ಲಿ, ಮ್ಯಾಕ್ಸ್ ಫ್ಯಾಕ್ಟರ್ ಮೃತನಾದ. ಅದನ್ನು ರೂಪಿಸುವುದರಲ್ಲಿ ಮುಖ್ಯಪಾತ್ರ ವಹಿಸಿದವನು ಅವನ ಮಗ ಫ್ರಾಂಕ್. ತಂದೆಯ ಮರಣಾನಂತರ ಈ ಮಗ ತನ್ನ ಹೆಸರನ್ನು ಬಿಟ್ಟು ತಾನೂ ಮ್ಯಾಕ್ಸ್ ಫ್ಯಾಕ್ಟರ್ ಎಂದು ಕರೆಸಿಕೊಂಡ. ಡಬ್ಬಿಯ ಮೇಲಿನ ಹೆಸರು ಅಳಿಯಬಾರದೆಂದು ಮನುಷ್ಯನ ಹೆಸರನ್ನೇ ಅಳಿಸಿಕೊಂಡ ಈ ಸಂಗತಿಯನ್ನು ಜೀವನಚರಿತ್ರಕಾರರು ಪಿತೃಭಕ್ತಿಯೆಂದು ಬಣ್ಣಿಸುತ್ತಾರೆ.

ಈ ಪ್ಯಾನ್‌ಕೇಕ್ ಮದರಾಸಿನ ಜೆಮಿನಿ ಸ್ಟುಡಿಯೋಕ್ಕೆ ಲಾರಿಗಟ್ಟಲೆ ಬರುತ್ತಿತ್ತೆಂದು ಅಲ್ಲಿ ನೌಕರರಾಗಿದ್ದ ತಮಿಳು ಸಾಹಿತಿ ಅಶೋಕಮಿತ್ರನ್ (1931–2017) ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಎಸ್. ಎಸ್. ವಾಸನ್ 1940ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯ ಪ್ರಸಾಧನ ವಿಭಾಗದ ವರ್ಣನೆ ಅವರ ಬರಹದ ಬಹು ಸೊಗಸಾದ ಭಾಗ. ವಿಭಾಗಕ್ಕೆ ಮೊದಲು ಬಂಗಾಳಿಯೊಬ್ಬರು, ಅನಂತರ ಮಹಾರಾಷ್ಟ್ರದವರೊಬ್ಬರು ಮುಖ್ಯಸ್ಥರು. ಅವರ ಕೈಕೆಳಗೆ ಆಂಧ್ರದವರು, ಕ್ರೈಸ್ತರು, ಆಂಗ್ಲೋ-ಬರ್ಮಿಯರು, ತಮಿಳರು, ಮತ್ತು ಧಾರವಾಡದ ಕನ್ನಡಿಗರೊಬ್ಬರು. ಮುಖ್ಯಸ್ಥರು ನಾಯಕ ನಾಯಕಿಯರಿಗೆ, ಅವರ ಕಿರಿಯರು ಎರಡನೆಯ ಪಾತ್ರದವರಿಗೆ, ಹೀಗೆ ಇಳಿಯುತ್ತ ಹೋಗಿ ಜನಜಂಗುಳಿಯ ಪಾತ್ರಧಾರಿಗಳಿಗೆ ‘ಆಫೀಸ್ ಬಾಯ್’ ಎನಿಸಿಕೊಂಡ ನಡುವಯಸ್ಸಿನ ಒಬ್ಬಾತ ಬಕೆಟ್ಟಿನಲ್ಲಿ ಬಣ್ಣ ಕಲಸಿ ಬಳಿಯುತ್ತಿದ್ದನಂತೆ. ಅಶೋಕಮಿತ್ರನ್ನರ ವಿನೋದದ ಅಡಿಯಲ್ಲಿ ಕರುಣೆ ಹರಿಯುತ್ತದೆ. ನಟನಾಗಲು ಬಂದವನು ಬಕೆಟ್ಟಿನ ಬಳಿ ಮುದುಕನಾಗುತ್ತಿದ್ದ.

ಧಾರವಾಡದ ಆ ಕನ್ನಡಿಗರಿಗೆ ಆ ಬರಹದಲ್ಲಿ ಹೆಸರಿಲ್ಲ. ಮದರಾಸಿನ ಸೆಕೆಯಲ್ಲಿ, ಸಾವಿರಾರು ವ್ಯಾಟ್ ದೀಪಗಳ ಕಾವಿನಲ್ಲಿ, ಕರಗುವ ಬಣ್ಣವನ್ನು ದಕ್ಷಿಣದ ಮುಖಗಳ ಮೇಲೆ ನಿಲ್ಲಿಸುವ ವಿದ್ಯೆ ಇಂತಹವರ ಕೈಯಲ್ಲಿತ್ತು. ಡಬ್ಬಿಯೊಳಗಿನ ಛಾಯೆಗಳು ಈ ಮುಖಗಳಿಗಾಗಿ ಹುಟ್ಟಿದವಲ್ಲವಾದ್ದರಿಂದ ಅವರು ನಿತ್ಯವೂ ಕಲಸಿ, ತಿದ್ದಿ, ಹೊಂದಿಸಬೇಕಾಗಿತ್ತು. ಅಂದರೆ ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲಿ ತನ್ನ ಅಂಗಡಿಯ ಹಿಂಬದಿಯಲ್ಲಿ ಏನು ಮಾಡಿದನೋ ಅದನ್ನೇ ಇವರೂ ಮಾಡಿದರು. ಅವನ ಹೆಸರು ಮಾತ್ರ ಉಳಿದು, ನಾಟಕದವರ ಬಾಯಲ್ಲಿ ‘ಪ್ಯಾನ್‌ಕೇಕ್’ ಎಂಬುದು ಮುಖಕ್ಕೆ ಹಚ್ಚುವ ಬಣ್ಣಕ್ಕೆಲ್ಲ ಸಾಮಾನ್ಯ ನಾಮವಾಯಿತು. ಪ್ರತಿಭೆಯ ತಾರತಮ್ಯದಿಂದ ಮಾತ್ರವೇ ಹೀಗಾಯಿತೆಂದು ಹೇಳುವುದು ಕಷ್ಟ. ಒಬ್ಬನಿಗೆ ಬಂಡವಾಳ, ಪೇಟೆ, ಕಾನೂನಿನ ರಕ್ಷಣೆ ಒದಗಿದವು. ಇನ್ನೊಬ್ಬರಿಗೆ ತಿಂಗಳ ಸಂಬಳ ಒದಗಿತು. ಸಾಧಕರ ಕಥೆಗಳು ಛಲವನ್ನು ಹೊಗಳುವಾಗ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತರುವುದಿಲ್ಲ.

ಹಾಗೆಂದು ಹೆಸರಿಲ್ಲದ ಕೈಗಳೆಲ್ಲ ಪವಿತ್ರವೆಂದು ಭಾವಿಸುವುದೂ ಮೌಢ್ಯ. ಬಳ್ಳಾರಿ ಸೀಮೆಯ ಬಯಲಾಟವನ್ನೂ ಕರಾವಳಿಯ ಯಕ್ಷಗಾನವನ್ನೂ ಬೆಳಗಿಸಿದ ಹಳೆಯ ಬಣ್ಣಗಳನ್ನು ನೆನೆಯಬೇಕು. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ. ಅರದಾಳವೆಂದರೆ ಶಂಖಪಾಷಾಣದ ಗಂಧಕ ಸಂಯುಕ್ತ, ಇಂಗಳೀಕ ಪಾದರಸದ್ದು. ರಾತ್ರಿಯಿಡೀ ಬೆವರುವ ಚರ್ಮದ ಮೇಲೆ ಅವನ್ನು ಹಚ್ಚಿಕೊಂಡು ಕುಣಿದವರು ಅವುಗಳ ಗುಣದೋಷವನ್ನು ರಸಾಯನಶಾಸ್ತ್ರದಿಂದ ಅರಿತವರಲ್ಲ. ಇಂದಿನ ತಯಾರಕನಿಗೆ ಆ ಅಜ್ಞಾನದ ಆಶ್ರಯವಿಲ್ಲ. ಸೀಸ ಅಥವಾ ಶಂಖಪಾಷಾಣದ ಸಂಯುಕ್ತಗಳನ್ನು ಪ್ರಸಾಧನಕ್ಕೆ ಬಣ್ಣವಾಗಿ ಬಳಸುವುದನ್ನು ಭಾರತದ ಕಾನೂನು ನಿಷೇಧಿಸಿದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮ ಹಾಗೂ 2020ರ ಪ್ರಸಾಧನ ನಿಯಮಗಳ ಪ್ರಕಾರ ಲೈಸೆನ್ಸಿಲ್ಲದೆ ತಯಾರಿಕೆ ಸಲ್ಲದು. ತಯಾರಾದ ಸ್ಥಳದ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಒಳಗಿರುವ ಪದಾರ್ಥಗಳ ಪಟ್ಟಿ ಇವೆಲ್ಲವೂ ಡಬ್ಬಿಯ ಮೇಲೆ ಇರಬೇಕು. ಈಗ ಸ್ವಂತ ಹೆಸರಿನ ಲಿಪ್‌ಸ್ಟಿಕ್ ತರಬಯಸುವವರಲ್ಲಿ ಅನೇಕರು ಕಾರ್ಖಾನೆ ಕಟ್ಟುವುದಿಲ್ಲ. ಬೇರೆ ಊರಿನ ಕಾರ್ಖಾನೆಯವರು ಮೊದಲೇ ಸಿದ್ಧವಾಗಿಟ್ಟ ಮಾದರಿಯನ್ನು ಆರಿಸಿ, ಮೇಲೆ ತಮ್ಮ ಚೀಟಿ ಅಂಟಿಸಿಕೊಳ್ಳುತ್ತಾರೆ. ಕಾನೂನಿನ ದೃಷ್ಟಿಯಿಂದ ಇದಕ್ಕೆ ಅವಕಾಶವಿದೆ. ಆದರೆ ಡಬ್ಬಿಯ ಮುಂಬದಿಯಲ್ಲಿ ದೊಡ್ಡ ಅಕ್ಷರದ ಹೆಸರೊಂದು, ಹಿಂಬದಿಯಲ್ಲಿ ಇರುವೆಯ ಗಾತ್ರದ ಅಕ್ಷರಗಳಲ್ಲಿ ಇನ್ನೊಂದು. ಕೊಳ್ಳುವವಳು ನಂಬುವುದು ಮುಂಬದಿಯನ್ನು.

ಹಿಂಬದಿಯ ಆ ಪಟ್ಟಿಯನ್ನು ಅಹಿಂಸೆಯಲ್ಲಿ ಶ್ರದ್ಧೆಯುಳ್ಳವರು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ತುಟಿಯ ಕೆಂಪಿಗೆ ಬಳಸುವ ಕಾರ್ಮೈನ್ ಎಂಬುದು ಪಾಪಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಕೀಟಗಳನ್ನು ಒಣಗಿಸಿ ತೆಗೆದದ್ದು. ಒಂದು ಪೌಂಡ್ ಬಣ್ಣಕ್ಕೆ ಸುಮಾರು 70,000 ಕೀಟಗಳೆಂದು ಲೆಕ್ಕ ಹೇಳುವುದುಂಟು. ಮುತ್ತಿನ ಹೊಳಪಿಗೆ ಮೀನಿನ ಹುರುಪೆಯ ಸತ್ತ್ವವನ್ನು ಬೆರೆಸುವ ಪದ್ಧತಿ ಬಹುಕಾಲ ನಡೆದುಬಂದಿತ್ತು. ಇಂಗ್ಲೆಂಡಿನಲ್ಲಿ 1959ರಲ್ಲಿ ಲೇಡಿ ಮ್ಯೂರಿಯಲ್ ಡೌಡಿಂಗ್ ಆರಂಭಿಸಿದ ‘ಬ್ಯೂಟಿ ವಿದೌಟ್ ಕ್ರುಯೆಲ್ಟಿ’ ಚಳವಳಿ 1970ರ ದಶಕದಲ್ಲಿ ಪುಣೆಯಲ್ಲಿ ನೆಲೆಯೂರಿತು. ಪ್ರಸಾಧನ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪ್ರಯೋಗಿಸುವುದನ್ನೂ, ಹಾಗೆ ಪ್ರಯೋಗಿಸಿದ ವಸ್ತುಗಳ ಆಮದನ್ನೂ ಭಾರತ 2014ರಲ್ಲಿ ನಿಷೇಧಿಸಿತು. ಇದು ಸಣ್ಣ ಗೆಲುವಲ್ಲ. ಆದರೂ ಪ್ರಯೋಗ ನಿಂತಿತೆಂದ ಮಾತ್ರಕ್ಕೆ ಪದಾರ್ಥ ಶುದ್ಧವಾಯಿತೆಂದು ತಿಳಿಯಬಾರದು. ಕಾರ್ಮೈನ್ ಇಂದಿಗೂ ಸಲ್ಲುವ ಬಣ್ಣವೇ. ಅಲಂಕಾರವನ್ನು ಶ್ರಾವಕಾಚಾರ ಗ್ರಂಥಗಳು ಸರ್ವಥಾ ನಿಷೇಧಿಸಿಲ್ಲ. ಉಪವಾಸದ ದಿನ ಅಲಂಕಾರ, ಗಂಧ, ಪುಷ್ಪ, ಅಂಜನಗಳನ್ನು ಬಿಡಬೇಕೆಂದು ರತ್ನಕರಂಡಕ ಶ್ರಾವಕಾಚಾರವು ವಿಧಿಸುವುದರಿಂದಲೇ ಇತರ ದಿನಗಳಲ್ಲಿ ಅವಕ್ಕೆ ಮಿತಿಯೊಳಗೆ ಸ್ಥಾನವಿದೆಯೆಂದಾಯಿತು. ಮದುಮಗಳ ಕಣ್ಣಿನ ಕಾಡಿಗೆಯೊಡನೆ ಜಗಳವಾಡುವುದು ಅನಾವಶ್ಯಕ. ಆ ಕಾಡಿಗೆ ಯಾವುದರಿಂದ ಆಯಿತು, ಯಾರ ಮಾತಿನ ಮೇಲೆ ಕೊಂಡದ್ದು ಎಂಬುದಷ್ಟೇ ಪ್ರಶ್ನೆ.

ಯಾರ ಮಾತಿನ ಮೇಲೆ ಎಂಬ ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ನಿದರ್ಶನ ಬಾಬಿ ಬ್ರೌನ್ ಎಂಬ ಅಮೆರಿಕದ ಪ್ರಸಾಧಕಿಯದು. ಬಾಸ್ಟನ್ನಿನ ಎಮರ್ಸನ್ ಕಾಲೇಜಿನಲ್ಲಿ ರಂಗಪ್ರಸಾಧನ ಕಲಿತು ನ್ಯೂಯಾರ್ಕಿಗೆ ಬಂದ ಈಕೆ, ಆಗಿನ ಪೇಟೆಯ ಭಾರೀ ಬಣ್ಣಗಳಿಂದ ಬೇಸತ್ತು, ತುಟಿಯ ಸಹಜ ಬಣ್ಣವನ್ನೇ ತುಸು ಎತ್ತಿ ತೋರಿಸುವ ಲಿಪ್‌ಸ್ಟಿಕ್ಕನ್ನು ರಸಾಯನಜ್ಞರೊಬ್ಬರ ನೆರವಿನಿಂದ ಮಾಡಿಸಿದಳು. ಹತ್ತೇ ಛಾಯೆಗಳು. 1991ರಲ್ಲಿ ಬರ್ಗ್‌ಡಾರ್ಫ್ ಗುಡ್‌ಮನ್ ಎಂಬ ದೊಡ್ಡ ಮಳಿಗೆಯಲ್ಲಿ ಇಟ್ಟಾಗ ತಿಂಗಳಿಗೆ ನೂರು ಮಾರಿದರೆ ಸಾಕೆಂದಿದ್ದುದು ಮೊದಲ ದಿನವೇ ನೂರು ಮಾರಾಟವಾಯಿತೆಂದು ಆಕೆ ಹಲವು ಬಾರಿ ಹೇಳಿದ್ದಾಳೆ. ಮುಖವನ್ನು ದೋಷಿಯಾಗಿಸದೆಯೂ ಪ್ರಸಾಧನವನ್ನು ಮಾರಬಹುದೆಂಬುದಕ್ಕೆ ಈ ಆರಂಭ ಸಾಕ್ಷಿ. ಮ್ಯಾಕ್ಸ್ ಫ್ಯಾಕ್ಟರ್‌ನ ಪಂಜರಕ್ಕಿಂತ ಈ ಹತ್ತು ಲಿಪ್‌ಸ್ಟಿಕ್‌ಗಳು ನಿಶ್ಚಯವಾಗಿ ಉತ್ತಮ ಪರಂಪರೆಗೆ ಸೇರಿದವು.

ನಾಲ್ಕು ವರ್ಷಗಳಲ್ಲಿ, 1995ರಲ್ಲಿ, ಆಕೆ ಕಂಪನಿಯನ್ನು ಎಸ್ಟೀ ಲಾಡರ್ ಸಂಸ್ಥೆಗೆ ಮಾರಿದಳು. ಮಾರಾಟವಾದುದರಲ್ಲಿ ಯಂತ್ರ, ಸರಕುಗಳಿಗಿಂತ ಬೆಲೆಯುಳ್ಳದ್ದು ಹೆಸರು. ಲೆಕ್ಕಶಾಸ್ತ್ರದಲ್ಲಿ ಕೀರ್ತಿಮೌಲ್ಯವೆಂದು ಕರೆಯುವ ಈ ಆಸ್ತಿಯನ್ನು ಅಂಗಡಿ ಕೈಬದಲಾಯಿಸುವಾಗ ಬೆಲೆಕಟ್ಟಿ ಮಾರುವುದು ಬಳ್ಳಾರಿಯ ಬಜಾರಿನಲ್ಲಿಯೂ ಅಪರಿಚಿತ ಪದ್ಧತಿಯಲ್ಲ. ಅಲ್ಲಿ ಮಾರಾಟವಾಗುವುದು ಅಂಗಡಿಯ ಕೀರ್ತಿ. ಇಲ್ಲಿ ಮಾರಾಟವಾದದ್ದು ಒಬ್ಬ ಹೆಂಗಸಿನ ತಂದೆತಾಯಿ ಇಟ್ಟ ಹೆಸರು. ಜೊತೆಗೆ ಇಪ್ಪತ್ತೈದು ವರ್ಷ ಕಾಲ ಸ್ಪರ್ಧೆಗೆ ಇಳಿಯುವುದಿಲ್ಲವೆಂಬ ಕರಾರು. 2016ರಲ್ಲಿ ಆಕೆ ಆ ಸಂಸ್ಥೆಯನ್ನು ಬಿಟ್ಟು ಹೊರಬಂದಳು. ಹೆಸರು ಒಳಗೇ ಉಳಿಯಿತು.

ಇಲ್ಲಿ ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ಒಂದಾದ ಪ್ರತಿರೂಪಕ ವ್ಯವಹಾರ ನೆನಪಾಗುತ್ತದೆ. ತತ್ತ್ವಾರ್ಥಸೂತ್ರದ ವ್ಯಾಖ್ಯಾನಕಾರರು ಅದನ್ನು ಕೃತಕ ಚಿನ್ನ ಮೊದಲಾದವುಗಳ ವಂಚನೆಯ ವ್ಯವಹಾರವೆಂದು ವಿವರಿಸುತ್ತಾರೆ. ವಂಚನೆ ಎಂಬ ಅಂಶ ಅಲ್ಲಿ ಮುಖ್ಯ. ಕರಾರಿನ ಉಭಯ ಪಕ್ಷಗಳಿಗೂ ಸತ್ಯ ಗೊತ್ತಿತ್ತು, ಆದ್ದರಿಂದ ಅವರ ನಡುವೆ ಅತಿಚಾರವಿಲ್ಲ. ಮೂರನೆಯವಳೊಬ್ಬಳಿದ್ದಾಳೆ: ಮಳಿಗೆಯಲ್ಲಿ ಡಬ್ಬಿ ಎತ್ತಿಕೊಂಡ ಗಿರಾಕಿ. 2016ರ ನಂತರವೂ ಅವಳು ಓದಿದ್ದು ‘ಬಾಬಿ ಬ್ರೌನ್’ ಎಂದೇ. ಮುಖವನ್ನು ನೋಡಿ ಬಣ್ಣ ಆರಿಸಿದ ಆ ಕೈ ಇನ್ನೂ ಹಿಂದಿದೆಯೆಂಬ ನಂಬಿಕೆಗೂ ಅವಳು ಬೆಲೆ ತೆತ್ತಳು. ಪದಾರ್ಥ ಕೆಟ್ಟದ್ದೆಂದು ಹೇಳಲು ಆಧಾರವಿಲ್ಲ. ಚಿನ್ನ ಚಿನ್ನವೇ ಇದ್ದೀತು. ಮುದ್ರೆ ಮಾತ್ರ ಅಕ್ಕಸಾಲಿಗನಿಲ್ಲದ ಮುದ್ರೆ. ಮ್ಯಾಕ್ಸ್ ಫ್ಯಾಕ್ಟರ್ ಎಂಬ ಹೆಸರಿನ ಪಾಡೂ ಇದೇ. ಅದು 1973ರಲ್ಲಿ ನಾರ್ಟನ್ ಸೈಮನ್ ಕಂಪನಿಗೆ, 1991ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ಗೆ, 2016ರಲ್ಲಿ ಕೋಟಿ ಸಂಸ್ಥೆಗೆ ಕೈಯಿಂದ ಕೈಗೆ ದಾಟಿತು. ಸತ್ತವನ ಹೆಸರಿಗೆ ಆಕ್ಷೇಪಿಸುವ ನಾಲಗೆಯಿಲ್ಲ. ಬಾಬಿ ಬ್ರೌನ್ ಬದುಕಿದ್ದೂ ತನ್ನ ಹೆಸರಿನ ಡಬ್ಬಿಯನ್ನು ಅಂಗಡಿಯಲ್ಲಿ ಪರಕೀಯಳಂತೆ ನೋಡಬೇಕಾಯಿತು. ಆಕೆಯ ಕುರಿತಾದ ಬರಹಗಳು ಈ ಮಾರಾಟವನ್ನು ಗೆಲುವಿನ ಶಿಖರವೆಂದು ಕೊಂಡಾಡುತ್ತವೆ. ಪಡೆದ ಹಣವನ್ನು ಜಮೆಯ ಬದಿಯಲ್ಲಿ ಬರೆದು ಖರ್ಚಿನ ಬದಿಯನ್ನು ಖಾಲಿ ಬಿಟ್ಟ ಖಾತೆಯಂತೆ ಅವು ತೋರುತ್ತವೆ.

ಇಪ್ಪತ್ತೈದು ವರ್ಷಗಳ ಕರಾರು 2020ರ ಅಕ್ಟೋಬರಿನಲ್ಲಿ ಮುಗಿಯಿತು. ಆಗ ಅರವತ್ತು ದಾಟಿದ್ದ ಆಕೆ ಅದೇ ತಿಂಗಳು ಹೊಸ ವ್ಯಾಪಾರ ಆರಂಭಿಸಿದಳು. ಡಬ್ಬಿಯ ಮೇಲೆ ಹಾಕಲು ಆಕೆಗೆ ಒಂದು ಹೆಸರು ಬೇಕಾಗಿತ್ತು. ತನ್ನದು ತನ್ನದಾಗಿ ಉಳಿದಿರಲಿಲ್ಲ. ಕಾರಿನಲ್ಲಿ ಹೋಗುವಾಗ ದಾರಿ ತೋರುವ ನಕ್ಷೆಯಲ್ಲಿ ಕಣ್ಣಿಗೆ ಬಿದ್ದ ಒಂದು ರಸ್ತೆಯ ಹೆಸರನ್ನು ಎತ್ತಿಕೊಂಡಳು: ಜೋನ್ಸ್ ರೋಡ್.